ಎಂಬತ್ತರ ವೇಗದಲ್ಲಿ ನಡುಗುವ ಕಾರು: ಚಕ್ರದ ಸಮತೋಲನದ ಚರಿತ್ರೆ

ಸಿಗಂದೂರಿಗೆ ಹೋಗಿಬಂದವರಿಗೆಲ್ಲ ಲಾಂಚ್ ಪ್ರಯಾಣದ ನೆನಪಿರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ಹಿನ್ನೀರು ಹರಡಿಕೊಂಡು, ತುಮರಿ, ಬ್ಯಾಕೋಡು ಕಡೆಯ ಊರುಗಳು ಸಾಗರ ಪೇಟೆಯಿಂದ ಕಡಿದುಹೋದವು. ಹೊಳೆಬಾಗಿಲಿನಲ್ಲಿ ಬಸ್ಸು, ಕಾರುಗಳು ಲಾಂಚ್ ಏರಿ ಆಚೆ ದಡ ಸೇರಬೇಕಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಸುಮಾರು 2.4 ಕಿಲೋಮೀಟರ್ ಉದ್ದದ ಈ ಸೇತುವೆ ಈಗ ಒಂದು ರಾಷ್ಟ್ರೀಯ ಹೆದ್ದಾರಿಯ ಭಾಗ.

ಈ ಲೇಖನದ ವಿಷಯ ಸೇತುವೆಯಲ್ಲ, ಅಂಥ ಹಾದಿಯಲ್ಲಿ ಸಾಗುವ ಹಳೆಯ ಕಾರಿನ ಚಕ್ರ. ಮಲೆನಾಡಿನ ತಿರುವುಗಳಲ್ಲಿ, ಮಣ್ಣಿನ ಹಾದಿಯಲ್ಲಿ, ಲಾಂಚಿನ ಸರದಿಯಲ್ಲಿ ಇಪ್ಪತ್ತು ವರ್ಷ ಓಡಿದ ಕಾರು ಯಾವ ದೂರನ್ನೂ ಹೇಳದೆ ಇದ್ದೀತು. ಅದೇ ಕಾರನ್ನು ತುಮಕೂರು ರಸ್ತೆಗೆ ತಂದು 80 ಕಿ.ಮೀ. ವೇಗಕ್ಕೇರಿಸಿದಾಗ ಸ್ಟೀರಿಂಗ್ ಚಕ್ರ ಅಂಗೈಯಲ್ಲಿ ನಡುಗತೊಡಗುತ್ತದೆ. ಹೊಸ ದೋಷವೇನೋ ಹುಟ್ಟಿತೆಂದು ನೀವು ಭಾವಿಸುತ್ತೀರಿ. ಆದರೆ ದೋಷ ಬಹುಮಟ್ಟಿಗೆ ಹಳೆಯದು, ಹೊಸದಾಗಿ ಬಂದಿರುವುದು ವೇಗ. ಮೋಟಾರು ವಾಹನದ ಇತಿಹಾಸದಲ್ಲಿ ಇದೇ ಕಥೆ ಮತ್ತೆ ಮತ್ತೆ ನಡೆದಿದೆ.

ಮೊದಲು ಒಂದು ಸಣ್ಣ ಲೆಕ್ಕ. ಅಂಬಾಸಡರ್ ಕಾರಿನ ಚಕ್ರದ ಸುತ್ತಳತೆ ಸುಮಾರು 2 ಮೀಟರ್. ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್. ಚಕ್ರ ಸೆಕೆಂಡಿಗೆ 10 ಸುತ್ತು ಸುತ್ತುತ್ತದೆ. ಚಕ್ರದ ಅಂಚಿನಲ್ಲಿ, ಕೇಂದ್ರದಿಂದ 19 ಸೆಂಟಿಮೀಟರ್ ದೂರದಲ್ಲಿ, ಒಂದೇ ಪಕ್ಕಕ್ಕೆ 50 ಗ್ರಾಂ ಹೆಚ್ಚಿಗೆ ಇದೆಯೆನ್ನಿ. ಸುತ್ತುವಾಗ ಅದು ಅಚ್ಚನ್ನು ಹೊರಕ್ಕೆ ಎಳೆಯುವ ಬಲ ಸುಮಾರು 37 ನ್ಯೂಟನ್, ಅಂದರೆ ಹತ್ತಿರಹತ್ತಿರ 4 ಕಿಲೋಗ್ರಾಂ ತೂಕದಷ್ಟು. ಈ ಎಳೆತ ಸೆಕೆಂಡಿಗೆ ಹತ್ತು ಸಲ ಮೇಲೆ, ಹತ್ತು ಸಲ ಕೆಳಗೆ. ಬಲವು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ 18 ಕಿ.ಮೀ. ವೇಗದಲ್ಲಿ ಇದು ಹದಿನಾರನೆಯ ಒಂದು ಪಾಲು ಮಾತ್ರ, ಕಾಲು ಕಿಲೋಗ್ರಾಂ ತೂಕಕ್ಕೂ ಕಡಿಮೆ. ಕಲ್ಲುಮಣ್ಣಿನ ರಸ್ತೆಯ ಕುಲುಕಾಟದಲ್ಲಿ ಅದನ್ನು ಗುರುತಿಸುವವರು ಯಾರು?

ಬಲ ಮಾತ್ರವಲ್ಲ, ಅನುರಣನೆಯೂ ಇದೆ. ಸ್ಪ್ರಿಂಗುಗಳ ಮೇಲೆ ಕುಳಿತ ಕಾರಿನ ಒಡಲು ಸೆಕೆಂಡಿಗೆ ಒಂದು, ಒಂದೂವರೆ ಸಲದಂತೆ ತೂಗುತ್ತದೆ. ಚಕ್ರ ಮತ್ತು ಅಚ್ಚು, ಕೆಳಗೆ ಟೈರು ಮೇಲೆ ಸ್ಪ್ರಿಂಗು ಎಂಬ ಎರಡು ಮೆತ್ತೆಗಳ ನಡುವೆ ಸಿಕ್ಕಿಕೊಂಡು, ಸೆಕೆಂಡಿಗೆ 10ರಿಂದ 15 ಸಲ ಕುಪ್ಪಳಿಸುವ ಸ್ವಭಾವದವು. ಚಕ್ರದ ಸುತ್ತುವಿಕೆ ಈ ಸ್ವಾಭಾವಿಕ ಆವೃತ್ತಿಗೆ ಹೊಂದಿಕೊಂಡಾಗ ಸಣ್ಣ ಬಲವೂ ದೊಡ್ಡ ನಡುಕವಾಗುತ್ತದೆ. ಸೆಕೆಂಡಿಗೆ 12 ಸುತ್ತು ಎಂದಿಟ್ಟುಕೊಂಡರೆ ಅಂಬಾಸಡರಿಗೆ ಅದು 86 ಕಿ.ಮೀ. ವೇಗ, ಚಿಕ್ಕ ಚಕ್ರದ ಮಾರುತಿ 800ಕ್ಕೆ ಸುಮಾರು 70. ಆ ಪಟ್ಟಿಯನ್ನು ದಾಟಿದರೆ ನಡುಕ ಎಷ್ಟೋ ಸಲ ತಗ್ಗುತ್ತದೆ. ಹೀಗಾಗಿಯೇ ಕೆಲವು ಚಾಲಕರು ‘ಸ್ವಲ್ಪ ಜೋರಾಗಿ ಓಡಿಸಿದರೆ ಸರಿಹೋಗುತ್ತದೆ’ ಎನ್ನುತ್ತಾರೆ. ಅವರ ಅನುಭವ ಸುಳ್ಳಲ್ಲ, ಆದರೆ ಅವರ ಚಿಕಿತ್ಸೆಯನ್ನು ಒಪ್ಪುವಂತಿಲ್ಲ.

ಈಗ ಚರಿತ್ರೆಗೆ ಬರೋಣ. ಗಾಳಿ ತುಂಬಿದ ಟೈರಿಗೆ ಮೊದಲು ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಕುದುರೆಗಾಡಿಯ ಕಾಲಕ್ಕೆ ಅದು ಬೇಕಾಗಿರಲಿಲ್ಲ, ಜನ ಮರೆತರು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರುಗಾಲಿ ಸೈಕಲ್ಲಿಗಾಗಿ ಅದನ್ನೇ ಮತ್ತೆ ಕಂಡುಹಿಡಿದ. 1895ರಲ್ಲಿ ಫ್ರಾನ್ಸಿನ ಮಿಷೆಲಿನ್ ಸೋದರರು ಪ್ಯಾರಿಸ್–ಬೋರ್ಡೊ ಸ್ಪರ್ಧೆಗೆ ಗಾಳಿಟೈರಿನ ಕಾರನ್ನು ಇಳಿಸಿದರು. ಅಲ್ಲಿಂದ ಮುಂದೆ ರಸ್ತೆಯ ಕುಲುಕಾಟವನ್ನು ಟೈರು ನುಂಗತೊಡಗಿತು.

ನಡುಕದ ನಿಜವಾದ ಸಮಸ್ಯೆ ಎದ್ದದ್ದು 1920ರ ದಶಕದಲ್ಲಿ. 1923ರ ಸುಮಾರಿಗೆ ಅಮೆರಿಕದ ಫೈರ್‌ಸ್ಟೋನ್ ಕಂಪನಿ ‘ಬಲೂನ್ ಟೈರು’ಗಳನ್ನು ತಂದಿತು. ಇವು ದಪ್ಪ, ಮೃದು. ಒಳಗಿನ ಗಾಳಿಯ ಒತ್ತಡ ಹಿಂದಿನವುಗಳಿಗಿಂತ ಬಹಳ ಕಡಿಮೆ. ಪ್ರಯಾಣ ಹಿತವಾಯಿತು. ಅದೇ ಸುಮಾರಿಗೆ ಮುಂದಿನ ಚಕ್ರಗಳಿಗೂ ಬ್ರೇಕ್ ಜೋಡಿಸುವ ಪದ್ಧತಿ ಹರಡಿ ಅಲ್ಲಿನ ತೂಕ ಹೆಚ್ಚಿತು. ರಸ್ತೆಗಳೂ ಸುಧಾರಿಸುತ್ತಿದ್ದವು. ಆಗ ಒಂದು ನಿರ್ದಿಷ್ಟ ವೇಗದಲ್ಲಿ ಮುಂದಿನ ಎರಡೂ ಚಕ್ರಗಳು ಎಡಬಲಕ್ಕೆ ರಭಸದಿಂದ ಹೊಯ್ದಾಡುವ ಪಿಡುಗು ಕಾಣಿಸಿಕೊಂಡಿತು. ಆಗಿನ ಜನಪ್ರಿಯ ಕುಣಿತವೊಂದರ ಹೆಸರನ್ನೇ ಅದಕ್ಕಿಟ್ಟು ‘ಶಿಮ್ಮಿ’ ಎಂದು ಕರೆದರು.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಶಿಮ್ಮಿ ಒಳ್ಳೆಯ ಪಾಠ. ಆಗಿನ ಕಾರುಗಳ ಮುಂದಿನ ಎರಡು ಚಕ್ರಗಳು ಒಂದೇ ಗಟ್ಟಿ ಅಚ್ಚಿನ ತುದಿಗಳಲ್ಲಿದ್ದವು. ಎಡಚಕ್ರ ಉಬ್ಬನ್ನು ಹತ್ತಿದರೆ ಅಚ್ಚೇ ವಾಲುತ್ತಿತ್ತು. ಜೊತೆಗೆ ಬಲಚಕ್ರವೂ ವಾಲುತ್ತಿತ್ತು. ಸುತ್ತುವ ಚಕ್ರವೆಂದರೆ ಒಂದು ಗೈರೋಸ್ಕೋಪ್. ತಿರುಗುವ ಬುಗುರಿಯನ್ನು ಬೆರಳಿಂದ ಒಂದು ದಿಕ್ಕಿಗೆ ತಳ್ಳಿದರೆ ಅದು ಇನ್ನೊಂದು ದಿಕ್ಕಿಗೆ ಸರಿಯುವುದನ್ನು ನೀವು ಕಂಡಿದ್ದೀರಿ. ಹಾಗೆಯೇ ವಾಲಿಸಿದ ಚಕ್ರ ಪಕ್ಕಕ್ಕೆ ತಿರುಗುತ್ತದೆ. ತಿರುಗಿದ್ದರಿಂದ ಮತ್ತೆ ವಾಲುತ್ತದೆ. ಮೃದು ಟೈರಿನ ಪಕ್ಕಬಾಗು ಇದಕ್ಕೆ ಶಕ್ತಿ ಒದಗಿಸುತ್ತದೆ. ರೋಲ್ಸ್ ರಾಯ್ಸ್ ಬಿಟ್ಟು 1930ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸೇರಿದ ಎಂಜಿನಿಯರ್ ಮಾರಿಸ್ ಓಲಿ ಮತ್ತು ಸಂಗಡಿಗರ ಕೆಲಸದ ಫಲವಾಗಿ ಜನರಲ್ ಮೋಟರ್ಸ್ 1934ರ ಕಾರುಗಳಿಗೆ ಮುಂದಿನ ಚಕ್ರಗಳನ್ನು ಒಂದಕ್ಕೊಂದು ತಗಲದಂತೆ ಬೇರೆಬೇರೆಯಾಗಿ ತೂಗುಹಾಕಿತು. ಅಚ್ಚು ಹೋಯಿತು, ಕೊಂಡಿ ಕಳಚಿತು. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ನಮ್ಮ ಅಂಬಾಸಡರಿನ ಮುಂಭಾಗದಲ್ಲೂ ಇದ್ದದ್ದು ಇಂಥದೇ ಸ್ವತಂತ್ರ ವ್ಯವಸ್ಥೆ. ಹಿಂದೆ ಮಾತ್ರ ಹಳೆಯ ಗಟ್ಟಿ ಅಚ್ಚು ಉಳಿಯಿತು.

ಮೂಲ ಕಾರಣವಾದ ಅಸಮತೋಲನಕ್ಕೆ ಮದ್ದು ಬಂದದ್ದು ಮಾತ್ರ ಮೋಟಾರಿನ ಲೋಕದಿಂದಲ್ಲ, ಟರ್ಬೈನಿನಿಂದ. 1880ರ ದಶಕದಲ್ಲಿ ಸ್ವೀಡನ್ನಿನ ಗುಸ್ತಾಫ್ ದ ಲವಾಲ್ ನಿಮಿಷಕ್ಕೆ 30,000 ಸುತ್ತು ತಿರುಗುವ ಆವಿಯ ಟರ್ಬೈನುಗಳನ್ನು ಕಟ್ಟಿದ. ಆ ವೇಗದಲ್ಲಿ ಚೂರು ತೂಕದ ವ್ಯತ್ಯಾಸವೂ ಯಂತ್ರವನ್ನು ಒಡೆಯಬಲ್ಲದು. ಅವನು ಅಚ್ಚನ್ನು ಗಟ್ಟಿ ಮಾಡುವ ಬದಲು ಬಳುಕುವಷ್ಟು ತೆಳ್ಳಗೆ ಮಾಡಿದ. ಅನುರಣನೆಯ ವೇಗವನ್ನು ಬೇಗ ದಾಟಿಬಿಟ್ಟರೆ ಚಕ್ರ ತಾನಾಗಿ ತನ್ನ ಗುರುತ್ವಕೇಂದ್ರದ ಸುತ್ತ ನೆಲೆನಿಂತು ಶಾಂತವಾಗುತ್ತದೆ! ಆದರೆ ಎಲ್ಲ ಯಂತ್ರಗಳಿಗೂ ಈ ಉಪಾಯ ಒಗ್ಗದು. 1907ರಲ್ಲಿ ಜರ್ಮನಿಯ ಫ್ರಾಂತ್ಸ್ ಲಾವಾಚೆಕ್ ಸುತ್ತುತ್ತಿರುವಾಗಲೇ ಅಸಮತೋಲನ ಅಳೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಡಾರ್ಮ್‌ಸ್ಟಾಟ್‌ನ ಶೆಂಕ್ ಕಾರ್ಖಾನೆ ಅದನ್ನು ಬೆಳೆಸಿತು. ಸಿಗಂದೂರಿನ ಹಿನ್ನೀರು ಕೊನೆಗೆ ತಿರುಗಿಸುವ ಶರಾವತಿಯ ವಿದ್ಯುದಾಗಾರದ ಚಕ್ರಗಳಿಗೂ, ನಿಮ್ಮೂರ ಪಂಕ್ಚರ್ ಅಂಗಡಿಯ ಬ್ಯಾಲೆನ್ಸಿಂಗ್ ಯಂತ್ರಕ್ಕೂ ತತ್ತ್ವ ಒಂದೇ.

ಅಸಮತೋಲನ ಎರಡು ಬಗೆ. ಒಂದೇ ಪಕ್ಕ ಭಾರವಿದ್ದರೆ ಚಕ್ರ ಕುಪ್ಪಳಿಸುತ್ತದೆ. ಒಳಮೈಯಲ್ಲಿ ಒಂದೆಡೆ, ಹೊರಮೈಯಲ್ಲಿ ಅದಕ್ಕೆ ಎದುರು ಕಡೆ ಭಾರವಿದ್ದರೆ, ನಿಂತ ಚಕ್ರ ತೂಕದಲ್ಲಿ ಸರಿಯೆಂದೇ ತೋರಿದರೂ ತಿರುಗುವಾಗ ತೊನೆಯುತ್ತದೆ. ಇದನ್ನು ಹಿಡಿಯಲು ಚಕ್ರವನ್ನು ಸುತ್ತಿಸಿಯೇ ನೋಡಬೇಕು, ಎರಡೂ ಮೈಗೆ ತೂಕ ಹಚ್ಚಬೇಕು. ಆ ತೂಕದ ತುಂಡುಗಳು ಬಹುಕಾಲ ಸೀಸದವೇ ಆಗಿದ್ದವು. ಯುರೋಪಿನ ಒಕ್ಕೂಟ 2005ರಿಂದ ಹೊಸ ಕಾರುಗಳಲ್ಲಿ ಅವನ್ನು ನಿಷೇಧಿಸಿತು.

ಇಷ್ಟಾದರೂ, ಬ್ಯಾಲೆನ್ಸಿಂಗ್ ಮಾಡಿಸಿ ಬಂದ ಕಾರು ಮತ್ತೆ ನಡುಗುವುದುಂಟು. ಎರಡನೆಯ ಸಲ, ಮೂರನೆಯ ಸಲ ಹಣ ತೆತ್ತವರಿದ್ದಾರೆ. ಏಕೆ? ಕೋಳಿಮೊಟ್ಟೆಯಾಕಾರದ ಚಕ್ರವನ್ನೂ ತೂಕದಲ್ಲಿ ಸರಿದೂಗಿಸಬಹುದು. ಗಾಳಿಯಲ್ಲಿ ಅದು ನುಣ್ಣಗೆ ತಿರುಗುತ್ತದೆ. ನೆಲದ ಮೇಲೆ ಉರುಳಿಸಿದರೆ ಕುಲುಕದೆ ಇದ್ದೀತೇ? ಸಾಮಾನ್ಯ ಯಂತ್ರ ಟೈರನ್ನು ಭಾರವಿಲ್ಲದೆ ತಿರುಗಿಸುವುದರಿಂದ ಈ ದೋಷ ಅದಕ್ಕೆ ಕಾಣುವುದೇ ಇಲ್ಲ. ಗುಂಡಗಿದ್ದರೂ ಒಂದು ಭಾಗ ಬಿಗಿ, ಇನ್ನೊಂದು ಮೃದು ಇರಬಹುದು; ಅದೂ ಕಾಣದು. ಪತ್ತೆಗೆ ಮನೆಯಲ್ಲೇ ಒಂದು ದಾರಿಯಿದೆ. ಮಟ್ಟಸ ನೆಲದ ಮೇಲೆ ಕಾರನ್ನು ಜಾಕಿನಿಂದ ಎತ್ತಿ, ಬಿಡಿ ಆಧಾರ ಕೊಟ್ಟು, ಸೀಮೆಸುಣ್ಣದ ತುಂಡನ್ನು ಇಟ್ಟಿಗೆಯ ಮೇಲೆ ಅಲುಗದಂತಿಟ್ಟು ಟೈರಿಗೆ ಕೂದಲೆಳೆಯಷ್ಟು ದೂರ ನಿಲ್ಲಿಸಿ. ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಉಬ್ಬಿದ ಜಾಗಕ್ಕೆ ಸುಣ್ಣ ತಾನೇ ಗುರುತು ಹಾಕುತ್ತದೆ.

ಟೈರಿನ ಒಳಗಿನ ನೇಯ್ಗೆ ಬದಲಾದಂತೆ ಹೊಸ ನಡುಕಗಳೂ ಬಂದವು. ಅಡ್ಡಡ್ಡ ಎಳೆಗಳ ಹಳೆಯ ಟೈರುಗಳಿಗೆ ನೈಲಾನ್ ದಾರ ಬಳಕೆಗೆ ಬಂದಾಗ, ರಾತ್ರಿಯಿಡೀ ನಿಂತ ಕಾರಿನ ಟೈರು ನೆಲ ತಾಗಿದಲ್ಲಿ ಚಪ್ಪಟೆಯಾಗಿ, ಬೆಳಿಗ್ಗೆ ಮೊದಲ ಕೆಲವು ಕಿಲೋಮೀಟರ್ ದಬದಬ ಎನ್ನುತ್ತಿತ್ತು. ಬಿಸಿಯಾದ ಮೇಲೆ ಸುಮ್ಮನಾಗುತ್ತಿತ್ತು. ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತ ಕಾರಿನಲ್ಲಿ ಈ ಚಪ್ಪಟೆತನ ಹೋಗದೆಯೂ ಉಳಿಯಬಹುದು. ಮಿಷೆಲಿನ್ 1946ರಲ್ಲಿ ಪೇಟೆಂಟ್ ಪಡೆದು 1949ರಲ್ಲಿ ಮಾರಾಟಕ್ಕೆ ತಂದ ರೇಡಿಯಲ್ ಟೈರಿನಲ್ಲಿ ಎಳೆಗಳು ನೇರ ಅಡ್ಡಕ್ಕೆ, ಮೇಲೆ ಉಕ್ಕಿನ ಪಟ್ಟಿ. ಭಾರತದಲ್ಲಿ ಇವುಗಳ ತಯಾರಿಕೆ ತೊಡಗಿದ್ದು 1970ರ ದಶಕದ ಕೊನೆಯಲ್ಲಿ. ನಮ್ಮ ರಾಜ್ಯದ ಮಟ್ಟಿಗೆ ಮೈಸೂರಿನ ವಿಕ್ರಾಂತ್ ಟೈರ್ಸ್ ದೊಡ್ಡ ಹೆಸರು. 1997ರಲ್ಲಿ ಅದು ಜೆ.ಕೆ. ಟೈರ್ ಪಾಲಾಯಿತು. ಮೈಸೂರು ಸಂಸ್ಥಾನದಲ್ಲಿ ಮೋಟಾರು ಕಾರ್ಖಾನೆಯನ್ನೇ ಕಟ್ಟಬೇಕೆಂದು ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ವಿದೇಶ ಸುತ್ತಿ ಯೋಜನೆ ಸಿದ್ಧಪಡಿಸಿದ್ದರು, ಬ್ರಿಟಿಷ್ ಸರಕಾರದ ಒಲವಿಲ್ಲದೆ ಅದು ನಿಂತುಹೋಯಿತು ಎಂಬುದನ್ನೂ ಇಲ್ಲಿ ನೆನೆಯಬಹುದು.

ಉಕ್ಕಿನ ಪಟ್ಟಿಯೇ ಮುಂದಿನ ಅಪಾಯದ ತಾಣ. ಹಳೆಯ ಟೈರಿನಲ್ಲಿ ಅದು ರಬ್ಬರಿನಿಂದ ಬಿಡತೊಡಗಿದರೆ ಮೇಲ್ಮೈ ಉಬ್ಬುತ್ತದೆ. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ, ಹೆಚ್ಚಾಗಿ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಲ್ಲಿದ್ದ, ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಿತು. ಓಟದಲ್ಲಿ ಮೇಲ್ಪದರ ಕಳಚಿ ವಾಹನಗಳು ಮಗುಚಿದ್ದವು; ಅಮೆರಿಕ ಸರಕಾರ ಈ ಟೈರುಗಳೊಂದಿಗೆ ಜೋಡಿಸಿದ ಸಾವುಗಳ ಸಂಖ್ಯೆ 271. ತೂಕದ ಅಸಮತೋಲನಕ್ಕೂ ಇದಕ್ಕೂ ಇರುವ ವ್ಯತ್ಯಾಸ ನಿಮಗೆ ತಿಳಿದಿರಬೇಕು. ಮೊದಲನೆಯದು 70–90ರ ಪಟ್ಟಿಯಲ್ಲಿ ಮಾತ್ರ ಕಾಡುತ್ತದೆ. ಪದರ ಬಿಟ್ಟ ಟೈರು 20–30 ಕಿ.ಮೀ. ವೇಗದಲ್ಲೂ ಕಾರನ್ನು ಎಡಬಲಕ್ಕೆ ತೊನೆಸುತ್ತದೆ, ದಿನದಿನಕ್ಕೆ ಹೆಚ್ಚುತ್ತದೆ. ಇದು ಕಂಡರೆ ಬ್ಯಾಲೆನ್ಸಿಂಗ್ ಅಂಗಡಿಯವರೆಗೂ ಆ ಟೈರಿನಲ್ಲಿ ಹೋಗಬೇಡಿ, ಸ್ಟೆಪ್ನಿ ಹಾಕಿ.

ಉಳಿದ ಪತ್ತೆದಾರಿ ಅಷ್ಟು ಕಷ್ಟವಲ್ಲ. ನಡುಕ ಸ್ಟೀರಿಂಗಿನಲ್ಲಿದ್ದರೆ ಮುಂದಿನ ಚಕ್ರ, ಸೀಟಿನಲ್ಲಿದ್ದರೆ ಹಿಂದಿನದು ಎಂದು ಮೊದಲ ಊಹೆ. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಟೈರನ್ನು ಬೈಯಬೇಡಿ, ಡ್ರಮ್ಮು ಅಥವಾ ಡಿಸ್ಕ್ ನೋಡಿಸಿ. ಖಾಲಿ ರಸ್ತೆಯಲ್ಲಿ ಅದೇ ವೇಗವನ್ನು ಬೇರೆ ಗೇರಿನಲ್ಲಿ ತಲುಪಿ ನೋಡಿ: ನಡುಕ ಬದಲಾದರೆ ಎಂಜಿನ್, ಬದಲಾಗದಿದ್ದರೆ ಚಕ್ರದ ಕಡೆ. ಅಂಬಾಸಡರಿನಂಥ ಹಿಂಚಕ್ರ ಚಾಲನೆಯ ಕಾರಿನಲ್ಲಿ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಚಕ್ರದ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಸುತ್ತುತ್ತದೆ. ಅದರ ನಡುಕ ಕೈಗೆ ಕುಲುಕಾಗಿ ಅಲ್ಲ, ಕಿವಿಗೆ ಗುಂಯ್‌ಗುಡುವ ಸದ್ದಾಗಿ ಬರುತ್ತದೆ. ಅನುಮಾನ ಉಳಿದರೆ ಮುಂದಿನ ಚಕ್ರಗಳನ್ನು ಹಿಂದಕ್ಕೆ ಹಾಕಿಸಿ. ನಡುಕವೂ ಹಿಂದಕ್ಕೆ ಹೋದರೆ ಅಪರಾಧಿ ಸಿಕ್ಕಂತೆ. ಕೆಲವೊಮ್ಮೆ ರಿಮ್ಮಿನ ಒಳಮೈಗೆ ಮೆತ್ತಿ ಒಣಗಿದ ಕೆಸರೇ ಕಾರಣವಾಗಿರುತ್ತದೆ. ಮಲೆನಾಡಿನ ಕಾರಿಗಂತೂ ಮೊದಲು ಅದನ್ನು ತೊಳೆದೇ ಮುಂದಿನ ಮಾತು.

ಇನ್ನು ಟೈರಿನ ವಯಸ್ಸು. ಅಚ್ಚು ಸವೆಯದಿದ್ದರೂ ರಬ್ಬರು ಮುಪ್ಪಾಗುತ್ತದೆ, ಕಡಿಮೆ ಓಡುವ ಹಳೆಯ ಕಾರುಗಳಲ್ಲಿ ಇದೇ ಹೆಚ್ಚು. 2000ದಿಂದೀಚೆಗಿನ ಟೈರುಗಳ ಪಕ್ಕದ ಮೈಯಲ್ಲಿ ನಾಲ್ಕು ಅಂಕಿಗಳ ಗುರುತಿರುತ್ತದೆ: ಮೊದಲೆರಡು ವಾರ, ಕೊನೆಯೆರಡು ವರ್ಷ. 2314 ಎಂದಿದ್ದರೆ ಅದು 2014ರ 23ನೆಯ ವಾರದ ಟೈರು. ಅಂಥದನ್ನು ತೂಕ ಹಚ್ಚಿ ಸಮತೋಲನಕ್ಕೆ ತರಲು ಹೊರಡುವ ಮೊದಲು ಪಕ್ಕದ ಮೈಯ ಬಿರುಕುಗಳನ್ನು ಬೆಳಕು ಬಿಟ್ಟು ನೋಡಿ.