ಅಂಗಡಿ ಬೀದಿಯ ಕಾವಲು

ಪಣಜಿಯಿಂದ ಫೋಂಡಾ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಹಳೆಯ ಗೋವೆಯನ್ನು ದಾಟಿದೊಡನೆ ದೊರೆಯುವ ಊರು ಕೊರ್ಲಿಮ್. ತಿಸ್ವಾಡಿ ತಾಲೂಕಿನ ಈ ಹಳ್ಳಿಯ ಮಗ್ಗುಲಲ್ಲಿಯೇ ಕೈಗಾರಿಕಾ ವಸಾಹತೊಂದು ಬೆಳೆದಿದೆ. ಶಾಲೆಯ ಪ್ರವಾಸದಲ್ಲಿ ನಾವು ಅಲ್ಲಿ ಚಹಕ್ಕೆಂದು ಇಳಿದಾಗ, ಮಕ್ಕಳ ಮಾತು ಕಿವಿಗೆ ಬಿದ್ದ ಕಿರಾಣಿ ಅಂಗಡಿಯಾತ, "ಯಾ ಊರ್ರೀ ಸರ ನಿಮ್ಮದು?" ಎಂದು ಕೇಳಿದ. ಧಾರವಾಡದ ಕಡೆಯ ದನಿ. ಬಹಳ ವರುಷಗಳಿಂದ ಅಲ್ಲಿಯೇ ಇದ್ದಾನೆ. ಶಟರಿಗೆ ಎರಡು ಬೀಗಗಳಿದ್ದುದನ್ನು ಕಂಡು ನಾವು ಕಳ್ಳಕಾಕರ ಕಾಟವೇ ಎಂದು ವಿಚಾರಿಸಿದೆವು. "ಕಳ್ಳರ ಅಂಜಿಕೆ ಇದ್ದದ್ದರೀ. ಆದರ ಎಲ್ಲೆರೆ ಒಂದ್ ಅಂಗಡಿ ಒಡದ್ರ ಮಂದಿ ಮೊದಲ ನನ್ನ ಕೇಳ್ತಾರ, ನಿಮ್ಮ ಕಡೆಯವರು ಯಾರ್ಯಾರು ಹೊಸದಾಗಿ ಬಂದಾರ ಅಂತ" ಎಂದ.

ಈ ಮಾತು ನಮ್ಮನ್ನು ಊರಿಗೆ ಹಿಂದಿರುಗಿದ ಮೇಲೂ ಬಿಡಲಿಲ್ಲ. ಅಂಗಡಿಯನ್ನು ಕಾಯುವ ಹೊಣೆ ಯಾರದು? ವರ್ತಕನದೋ, ಅರಸನದೋ, ಊರಿನದೋ? ಹೊಣೆಯು ಕೈ ಬದಲಾಯಿಸಿದಾಗಲೆಲ್ಲ ಸಂಶಯವು ಯಾರ ತಲೆಗೆ ಬಂದಿತು? ನಮ್ಮ ಗಡಿನಾಡಿನ ಇತಿಹಾಸದಲ್ಲಿ ಇದಕ್ಕೆ ಸಾಕಷ್ಟು ಸಾಮಗ್ರಿಯುಂಟು.

ಗೋವೆಯ ವಾಣಿಜ್ಯವು ಕನ್ನಡಿಗರಿಗೆ ಅಪರಿಚಿತವಾದುದಲ್ಲ. ಹನ್ನೊಂದನೆಯ ಶತಮಾನದ ನಡುಭಾಗದಲ್ಲಿ ಕದಂಬರ ಒಂದನೆಯ ಜಯಕೇಶಿಯು ಚಂದ್ರಪುರದಿಂದ ರಾಜಧಾನಿಯನ್ನು ತಂದುದು ಇದೇ ತಿಸ್ವಾಡಿಯ ಗೋಪಕಪಟ್ಟಣಕ್ಕೆ. (ಇಂದು ಗೋವೆಯ ಸರಕಾರಿ ಬಸ್ಸಿನ ಮೈಮೇಲೆ ಕದಂಬರ ಹೆಸರಿದೆ, ಮಕ್ಕಳಿಗೆ ಪಾಠ ಹೇಳಲು ಅದೂ ಒಂದು ಅನುಕೂಲ.) ಆ ಕಾಲದ ವರ್ತಕರು ಕಾವಲಿಗಾಗಿ ಅರಸನೊಬ್ಬನನ್ನೇ ನೆಚ್ಚಿ ಕುಳಿತವರಲ್ಲ. ಐಹೊಳೆಯನ್ನು ಮೂಲಸ್ಥಾನವೆಂದು ಹೇಳಿಕೊಂಡ ಅಯ್ಯಾವೊಳೆ ಐನೂರ್ವರ ಸಂಘವು ವೀರಬಣಂಜು ಧರ್ಮವನ್ನು ಕೊಂಡಾಡಿತು. ಸರಕಿನೊಡನೆ ಆಯುಧಪಾಣಿಗಳಾದ ತನ್ನವರನ್ನೂ ಕಳುಹಿತು. ಕಳ್ಳರೊಡನೆ ಕಾದಿ ಮಡಿದವರಿಗಾಗಿ ನಿಲ್ಲಿಸಿದ ವೀರಗಲ್ಲುಗಳು ನಮ್ಮ ಸೀಮೆಯಲ್ಲಿ ಈಗಲೂ ಇವೆ. ಇದು ಹಾದಿಯ ಮಾತಾಯಿತು. ಊರೊಳಗೆ ಇದ್ದವನು ತಳಾರ, ಅಂದರೆ ನಮ್ಮ ತಳವಾರ.

ವಿಜಯನಗರದಲ್ಲಿ ಈ ಹೊಣೆ ಎಷ್ಟು ಬಿಗಿಯಾಗಿತ್ತೆಂಬುದಕ್ಕೆ 1443ರಲ್ಲಿ ಅಲ್ಲಿಗೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನೇ ಸಾಕ್ಷಿ. ನಗರದ ಕಾವಲಿಗೆ ಹನ್ನೆರಡು ಸಾವಿರ ಜನರಿದ್ದರೆಂದು ಆತ ಬರೆಯುತ್ತಾನೆ. ಏಳು ಸುತ್ತಿನ ಕೋಟೆಯೊಳಗೆ ನಡೆದುದೆಲ್ಲ ಅವರಿಗೆ ತಿಳಿದಿರಬೇಕು, ಕಳುವಾದ ವಸ್ತುವನ್ನು ಹುಡುಕಿ ತರಬೇಕು, ತಾರದಿದ್ದರೆ ದಂಡ ತೆರಬೇಕು. ರತ್ನ ವ್ಯಾಪಾರಿಗಳು ಬಜಾರಿನಲ್ಲಿ ಬಹಿರಂಗವಾಗಿ ಮಾಣಿಕ್ಯ ಮುತ್ತುಗಳನ್ನು ಮಾರುತ್ತಿದ್ದ ನಗರವದು. ಆದರೆ ರಜಾಕನ ಬರಹದ ಇನ್ನೊಂದು ಸಂಗತಿಯನ್ನು ನಮ್ಮ ಪಠ್ಯಪುಸ್ತಕಗಳು ಎತ್ತಿ ಹೇಳುವುದಿಲ್ಲ. ಆತನ ಜೊತೆಗಾರನ ಗುಲಾಮರು ಕೆಲವರು ಓಡಿಹೋದಾಗ, ಅಧಿಕಾರಿಯು ತೀರ ಬಡವರು ವಾಸವಾಗಿದ್ದ ಕೇರಿಯ ಕಾವಲುಗಾರರನ್ನು ಕರೆಯಿಸಿ, ಅವರನ್ನು ಹಿಡಿದು ತನ್ನಿ, ಇಲ್ಲವೇ ದಂಡ ಕೊಡಿ ಎಂದನಂತೆ. ಅವರು ದಂಡವನ್ನೇ ಕೊಟ್ಟರು. ಬೇರೆ ಕೇರಿಯವರನ್ನು ಕರೆಯಿಸಿದಂತೆ ತೋರುವುದಿಲ್ಲ.

ತಳವಾರಿಕೆಯ ಅತ್ಯಂತ ಸ್ಪಷ್ಟವಾದ ಚಿತ್ರ ಸಿಕ್ಕುವುದು, ಪೇಶ್ವೆಯಿಂದ ಗೆದ್ದ ಸೀಮೆಯನ್ನು ಕುರಿತು 1819ರಲ್ಲಿ ಎಲ್ಫಿನ್‌ಸ್ಟನ್ ಬರೆದ ವರದಿಯಲ್ಲಿ. ಊರಲ್ಲಿ ಕಳವಾದರೆ ಕಾವಲುಗಾರನು ಹೆಜ್ಜೆ ಹಿಡಿದು ಹೊರಡುವನು. ಹೆಜ್ಜೆ ತನ್ನೂರಿನ ಎಲ್ಲೆ ದಾಟಿತೆಂದು ತೋರಿಸಿಕೊಟ್ಟರೆ ಆತನು ಪಾರಾದನು. ಮುಂದಿನ ಊರಿನ ಕಾವಲುಗಾರನು ಅಲ್ಲಿಂದ ಹೊಣೆ ಹೊರುವನು. ಎಲ್ಲಿ ಹೆಜ್ಜೆ ಅಳಿಯಿತೋ ಅಲ್ಲಿಯವನು ಮಾಲನ್ನು ಒಪ್ಪಿಸಬೇಕು, ಇಲ್ಲವೇ ಕೈಲಾದಷ್ಟು ನಷ್ಟ ತುಂಬಬೇಕು. ಪ್ರತಿಯಾಗಿ ಆತನಿಗೆ ಊರಿನ ಆಯ ಉಂಟು. ಅಂಗಡಿಯವನಿಗೂ ಕಾಯುವವನಿಗೂ ನಷ್ಟ ಒಂದೇ ಆಗಿದ್ದ ಏರ್ಪಾಡಿದು. ಇದರಲ್ಲಿ ಲೋಪಗಳಿರಲಿಲ್ಲವೆಂದಲ್ಲ. ಕಾಯುವವನೇ ಕಳ್ಳನೊಡನೆ ಸೇರಿದ ದೂರುಗಳನ್ನು ಕಂಪನಿಯ ಅಧಿಕಾರಿಗಳು ಬೇಕಾದಷ್ಟು ಬರೆದಿಟ್ಟಿದ್ದಾರೆ. ಆದರೂ ಹೆಜ್ಜೆಯು ಎಲ್ಲೆಯಲ್ಲಿ ನಿಲ್ಲಕೂಡದೆಂಬ ನಿಯಮ ಗಡಿಯಲ್ಲಿ ಬಾಳುವ ನಮಗೆ ಹಿರಿದಾಗಿ ಕಾಣುತ್ತದೆ.

ಮದರಾಸು ಪ್ರಾಂತ್ಯಕ್ಕೆ 1859ರಲ್ಲಿಯೂ ದೇಶಕ್ಕೆ 1861ರಲ್ಲಿಯೂ ಪೊಲೀಸ್ ಕಾಯಿದೆಗಳು ಬಂದವು. ಕಾಯುವವನು ಸರಕಾರದ ಸಂಬಳದವನಾದ. ಕಳವಾದರೆ ಆತನು ತುಂಬಿಕೊಡಬೇಕಾದುದಿಲ್ಲ. ಇದು ನ್ಯಾಯವೇ. ಆದರೆ ತಳವಾರನಿಗೆ ಊರಿನ ಪ್ರತಿಯೊಬ್ಬನ ನಡೆಯೂ ತಿಳಿದಿತ್ತು. ಹೊರಗಿನಿಂದ ವರ್ಗವಾಗಿ ಬಂದವನಿಗೆ ಅದು ತಿಳಿಯುವ ಬಗೆ ಹೇಗೆ? ತಿಳಿಯದ ಜಾಗವನ್ನು ಪಟ್ಟಿ ತುಂಬಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಇಡೀ ಸಮುದಾಯಗಳನ್ನೇ ಹುಟ್ಟುಗಳ್ಳರೆಂದು ದಾಖಲೆಗೇರಿಸಿತು. ನಮ್ಮ ಕಡೆಯಲ್ಲಿಯೇ ವಿಜಯಪುರ, ಹುಬ್ಬಳ್ಳಿಗಳಲ್ಲಿ ಅವರಿಗಾಗಿ ಸೆಟ್ಲ್‌ಮೆಂಟುಗಳಾದವು. 1952ರಲ್ಲಿ ಆ ಕಾಯಿದೆ ರದ್ದಾಯಿತು. ಅತ್ತ ತಳವಾರಿಕೆಯೂ ಉಳಿಯಲಿಲ್ಲ. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳು ಮುಗಿದವು. ಕಾಯಿದೆಯಿಂದ ಅಳಿದ ಪಟ್ಟಿ ಮನಸ್ಸಿನಿಂದ ಅಳಿಯಿತೇ ಎಂಬುದು ಬೇರೆ ಮಾತು.

ನಾವು ಹಿಂದೆ ಕೆಲಸ ಮಾಡಿದ ಒಂದು ಊರಿನಲ್ಲಿ ಒಂದೇ ರಾತ್ರಿ ಮೂರು ಅಂಗಡಿಗಳ ಬೀಗ ಮುರಿಯಿತು. ವರ್ತಕರು ಸಭೆ ಸೇರಿ, ಹೊಸದಾಗಿ ಬಂದವರ ಹೆಸರುಗಳನ್ನು ಬರೆದು ಠಾಣೆಗೆ ಕೊಟ್ಟರು. ಸಹಕಾರವೆಂದರೆ ಅದೇ ಎಂದು ಪ್ರಾಮಾಣಿಕವಾಗಿ ನಂಬಿದ್ದರು. ನಮ್ಮ ಏಳನೆಯ ಇಯತ್ತೆಯ ಹುಡುಗನೊಬ್ಬನ ತಂದೆ, ಗಾರೆ ಕೆಲಸದವನು, ಎರಡು ರಾತ್ರಿ ಠಾಣೆಯ ಜಗುಲಿಯಲ್ಲಿ ಕುಳಿತ. ಆಮೇಲೆ ಸಿಕ್ಕ ಕಳ್ಳ ಅಂಗಡಿಯೊಂದರ ಹಳೆಯ ಆಳು. ಹುಡುಗ ಅಷ್ಟರಲ್ಲಿ ಊರು ಬಿಟ್ಟಿದ್ದ. ವರ್ಗಾವಣೆ ಪತ್ರದಲ್ಲಿ 'ಶಾಲೆ ಬಿಡಲು ಕಾರಣ' ಎಂಬ ಅಂಕಣಕ್ಕೆ ನಾವೇ 'ತಂದೆಯ ಕೆಲಸದ ನಿಮಿತ್ತ' ಎಂದು ಬರೆದೆವು.

ಹಾಗೆಂದು ಪೊಲೀಸರೂ ವರ್ತಕರೂ ಕೂಡಿ ನಡೆಯಬಾರದೆಂದು ನಾವು ಹೇಳುವುದಿಲ್ಲ. ಕೂಡದೆ ಗತಿಯೇ ಇಲ್ಲ. ಯಾವುದರಲ್ಲಿ ಕೂಡಬೇಕೆಂಬುದೇ ಪ್ರಶ್ನೆ. ಕೇರಳದಲ್ಲಿ 2008ರಲ್ಲಿ ಆರಂಭವಾದ ಜನಮೈತ್ರಿ ಯೋಜನೆಯಲ್ಲಿ ಬೀಟಿನ ಪೊಲೀಸನು ತನ್ನ ಸರಹದ್ದಿನ ಮನೆಮನೆಗೂ ಹೋಗಿ ಪರಿಚಯ ಮಾಡಿಕೊಳ್ಳಬೇಕೆಂಬ ನಿಯಮವಿದೆ. ಕಳವಾಗುವ ಮೊದಲೇ ಆಗುವ ಪರಿಚಯವಿದು. ತಳವಾರನಲ್ಲಿದ್ದ ಗುಣವೂ ಇದೇ. ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯಿದೆಯು ಜನ ಹೆಚ್ಚಾಗಿ ಸೇರುವ ಅಂಗಡಿ ಮುಂಗಟ್ಟುಗಳಲ್ಲಿ ಕ್ಯಾಮೆರಾ ಇಟ್ಟು, ಮೂವತ್ತು ದಿವಸಗಳ ಚಿತ್ರಗಳನ್ನು ಕಾಪಾಡಬೇಕೆಂದಿತು. ಒಳ್ಳೆಯದೇ. ಆದರೆ ನಾವು ನೋಡಿದ ಸಣ್ಣ ಅಂಗಡಿಗಳಲ್ಲಿ ಕ್ಯಾಮೆರಾ ನೋಡುವುದು ಬೀದಿಯನ್ನಲ್ಲ, ಗಲ್ಲೆಯನ್ನೂ ಆಳನ್ನೂ. ಒಂದನ್ನು ಬೀದಿಗೆ ತಿರುಗಿಸಿದರೆ ನೆರೆಯ ನಾಲ್ಕು ಶಟರುಗಳಿಗೆ ಕಾವಲು. ಬಾಗಿಲ ಮೇಲೊಂದು ದೀಪ, ರಾತ್ರಿಗೆ ಖಾಲಿ ಗಲ್ಲೆ, ಬೀಟಿನವನು ಬಂದು ಸಹಿ ಹಾಕುವ ಪುಸ್ತಕ: ಇವಕ್ಕೆ ಖರ್ಚೇನೂ ಹೆಚ್ಚಿಲ್ಲ.

ಕೊರ್ಲಿಮ್ಮಿನ ಅಂಗಡಿಯಾತನನ್ನು, ಇಲ್ಲಿಯ ಬೀಟಿನವನು ನಿನಗೆ ಗೊತ್ತೇ ಎಂದು ನಾವು ಕೇಳಿದ್ದೆವು. "ಮುಖಾ ಗೊತ್ತರೀ, ಹೆಸರು ಗೊತ್ತಿಲ್ಲ" ಎಂದ. ಅವರಿಗೆ ನಿನ್ನ ಹೆಸರು? ಸ್ವಲ್ಪ ಯೋಚಿಸಿ, "ಅವರಿಗೂ ಹಂಗ ಇರಬೇಕ್ರೀ" ಎಂದು ನಕ್ಕು, ಮಕ್ಕಳಿಗೆ ಚಹದ ಜೊತೆ ಒಂದೊಂದು ಬಿಸ್ಕೀಟು ಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ.