ನಳಿಕೆಯ ಮೇಲ್ತುದಿ: ಶಿಶುಪೋಷಣೆಯ ಚರಿತ್ರೆಯಲ್ಲಿ ತಾಯಿತಂದೆಗಳ ಸ್ಥಾನ

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆದವರು ಉಪಕರಣಗಳನ್ನೂ ಅವುಗಳ ನಿರ್ಮಾಪಕರನ್ನೂ ಕುರಿತು ವಿಸ್ತಾರವಾಗಿ ಬರೆದಿರುತ್ತಾರೆ. ಬಾಯಿಂದ ಉಣ್ಣಲಾರದ ರೋಗಿಯ ಜಠರಕ್ಕೆ ನಳಿಕೆಯ ಮೂಲಕ ಆಹಾರವನ್ನು ಸೇರಿಸುವ ಕ್ರಮದ ವಿಷಯದಲ್ಲಿಯೂ ಹೀಗೆಯೇ ಆಗಿದೆ. ನಳಿಕೆಯ ಕೆಳತುದಿ ಎಲ್ಲಿಗೆ ಮುಟ್ಟುತ್ತಿತ್ತು, ಅದನ್ನು ಯಾವ ದ್ರವ್ಯದಿಂದ ಮಾಡಿದ್ದರು ಎಂಬುದನ್ನು ಗ್ರಂಥಗಳು ತಿಳಿಸುತ್ತವೆ. ಮೇಲ್ತುದಿಯನ್ನು ಹಿಡಿದು ಹಾಲೆರೆದ ಕೈ ಯಾರದು ಎಂದು ವಿಚಾರಿಸಿದವರು ವಿರಳ. ರೋಗಿಯು ವಯಸ್ಕನಾಗಿದ್ದಲ್ಲಿ ಈ ಪ್ರಶ್ನೆ ಅಷ್ಟೇನೂ ಮುಖ್ಯವಲ್ಲದಿರಬಹುದು. ಎಳೆಯ ಮಗುವಿನ ವಿಷಯ ಬೇರೆ. ನಮ್ಮ ಮನೆಗಳಲ್ಲಿ ಒಳಲೆಯಿಂದ ಹಾಲು ಹಾಕುವ ತಾಯಿಯು ಮಗುವನ್ನು ಕಾಲಮೇಲೆ ಮಲಗಿಸಿಕೊಂಡು, ಅದರ ಮುಖವನ್ನೇ ನೋಡುತ್ತ, ಏನನ್ನೋ ಗುನುಗುತ್ತ ಹಾಲನ್ನು ಹನಿಸುವುದನ್ನು ನೋಡಿದವರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ಒಳಲೆಯ ಬದಲು ನಳಿಕೆ ಬಂದಾಗ ಆ ನೋಟಕ್ಕೂ ಆ ಮಡಿಲಿಗೂ ಏನಾಯಿತೆಂಬುದೇ ಪ್ರಸ್ತುತ ಲೇಖನದ ವಿಷಯ.

ನಳಿಕೆಯ ಪೂರ್ವಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. 1790ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರನು ನುಂಗುವ ಶಕ್ತಿ ಕುಂದಿದ್ದ ಒಬ್ಬ ರೋಗಿಗಾಗಿ ತಿಮಿಂಗಿಲದ ಬಲೀನಿನ ಕಡ್ಡಿಯ ಮೇಲೆ ಹಾವುಮೀನಿನ ಚರ್ಮವನ್ನು ಹೊದಿಸಿ ನಳಿಕೆಯೊಂದನ್ನು ಸಿದ್ಧಪಡಿಸಿದನು. 1849ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಸೆಡಿಯೋ ಎಂಬಾತನು ಹೊಟ್ಟೆಯ ಗೋಡೆಯನ್ನು ಛೇದಿಸಿ ನೇರವಾಗಿ ಜಠರಕ್ಕೇ ದ್ವಾರ ಮಾಡಿದನು, ರೋಗಿ ಉಳಿಯಲಿಲ್ಲ. 1876ರಲ್ಲಿ ಪ್ಯಾರಿಸಿನ ವೆರ್ನಯ್‌ಗೆ ಇದು ಸಾಧ್ಯವಾಯಿತು. ಅವನ ರೋಗಿಯು ದಾಹಕ ಕ್ಷಾರವನ್ನು ನುಂಗಿ ಅನ್ನನಾಳ ಮುಚ್ಚಿಹೋಗಿದ್ದ ಹದಿನೇಳು ವರ್ಷದ ಹುಡುಗ.

ಶಿಶುಗಳ ಚರಿತ್ರೆ ಇದಕ್ಕಿಂತ ಸ್ವಲ್ಪ ಈಚಿನದು. 1880ರ ದಶಕದಲ್ಲಿ ಪ್ಯಾರಿಸಿನ ಮಾತೆರ್ನಿತೆ ಹೆರಿಗೆ ಆಸ್ಪತ್ರೆಯಲ್ಲಿ ಸ್ತೆಫಾನ್ ತಾರ್ನಿಯೇ ಅವಧಿಗೆ ಮುನ್ನ ಹುಟ್ಟಿದ ಕೂಸುಗಳನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು, ಮೆತ್ತನೆಯ ರಬ್ಬರ್ ನಳಿಕೆಯನ್ನು ಬಾಯಿಯ ಮೂಲಕ ಜಠರಕ್ಕಿಳಿಸಿ, ಮೇಲಿನ ಗಾಜಿನ ಬಟ್ಟಲಿಗೆ ಹಾಲನ್ನು ಸುರಿಯುವ ಪದ್ಧತಿಯನ್ನು ಬಳಕೆಗೆ ತಂದನು. ಇದಕ್ಕೆ ಫ್ರೆಂಚರು ಇಟ್ಟ ಹೆಸರು ‘ಗವಾಜ್’. ಕೋಳಿ ಬಾತುಗಳನ್ನು ಕೊಬ್ಬಿಸಲು ಗಂಟಲಿಗೆ ಕಾಳು ತುರುಕುವುದಕ್ಕೆ ಅವರಲ್ಲಿ ಬಳಕೆಯಲ್ಲಿದ್ದ ಮಾತದು. ಹೆಸರು ಕಠೋರವಾದರೂ ಅದರಿಂದ ಬದುಕಿದ ಕೂಸುಗಳು ಬಹಳ. ಬಟ್ಟಲನ್ನು ಹಿಡಿಯುತ್ತಿದ್ದವಳು ಮಾತ್ರ ದಾದಿ. ತಾರ್ನಿಯೇಯ ಶಿಷ್ಯನಾದ ಪಿಯೇರ್ ಬ್ಯೂಡಾನನು ಇದರ ಅಪಾಯವನ್ನು ಮನಗಂಡನು. ಮಗುವಿನ ಅಗತ್ಯಗಳನ್ನು ತಾವೇ ಪೂರೈಸುವ ಅವಕಾಶವಿಲ್ಲದ ತಾಯಂದಿರಲ್ಲಿ ಕೆಲವರು ಅದರ ಮೇಲಣ ಆಸ್ಥೆಯನ್ನೇ ಕಳೆದುಕೊಂಡು ಅದನ್ನು ತೊರೆದುಹೋಗುತ್ತಾರೆಂದು 1900ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತ ಬರೆದನು. ಇಲ್ಲಿ ಆತ ತಾಯಂದಿರನ್ನು ದೂಷಿಸದೆ ವ್ಯವಸ್ಥೆಯ ಕಡೆಗೆ ಬೆರಳು ಮಾಡಿದನೆಂದೇ ನಾನು ಓದುತ್ತೇನೆ.

ಆದರೂ ಮುಂದಿನ ಅರ್ಧಶತಮಾನದಲ್ಲಿ ಆಸ್ಪತ್ರೆಯ ಬಾಗಿಲು ಇನ್ನಷ್ಟು ಬಿಗಿಯಾಗಿಯೇ ಮುಚ್ಚಿತು. ಸೋಂಕಿನ ಭಯ ಒಂದು ಕಾರಣ. ತಾಯಿ ಬಂದು ಹೋದರೆ ಮಗು ಅಳುತ್ತದೆ, ಅಳುವಿನಿಂದ ವಾರ್ಡಿನ ಶಿಸ್ತು ಕೆಡುತ್ತದೆ ಎಂಬುದು ಇನ್ನೊಂದು. ಇಂಗ್ಲೆಂಡಿನ ಹಲವು ಆಸ್ಪತ್ರೆಗಳಲ್ಲಿ ತಾಯಿತಂದೆಗಳಿಗೆ ವಾರದ ಗೊತ್ತಾದ ಗಳಿಗೆಯಲ್ಲಿ ಮಾತ್ರ ಪ್ರವೇಶ. ನ್ಯೂಕಾಸಲ್ಲಿನಲ್ಲಿ ಜೇಮ್ಸ್ ಸ್ಪೆನ್ಸನು 1920ರ ದಶಕದಿಂದಲೂ ತಾಯಂದಿರನ್ನು ಮಕ್ಕಳೊಡನೆ ಇರಗೊಟ್ಟದ್ದು ಅಪವಾದವೇ ಸರಿ.

ಈ ನಡುವೆ ಅಮೆರಿಕದ ಎರಡು ದೃಷ್ಟಾಂತಗಳನ್ನು ವಾಚಕರು ಗಮನಿಸಬೇಕು. 1895ರಲ್ಲಿ ಒಂಬತ್ತು ವರ್ಷದ ಟಾಮ್ ಎಂಬ ಹುಡುಗನು ಕುದಿಯುವ ಸಾರನ್ನು ನುಂಗಿ ಅನ್ನನಾಳವನ್ನು ಸುಟ್ಟುಕೊಂಡನು. ಜಠರಕ್ಕೆ ಮಾಡಿದ ದ್ವಾರದ ಮೂಲಕವೇ ಅವನು ಜೀವಮಾನವೆಲ್ಲ ಉಂಡನು. 1940ರ ದಶಕದಲ್ಲಿ ಅವನನ್ನು ಪರೀಕ್ಷಿಸಿದ ವುಲ್ಫ್ ಮತ್ತು ವುಲ್ಫ್ ಎಂಬ ವೈದ್ಯರು ಒಂದು ಸ್ವಾರಸ್ಯವನ್ನು ದಾಖಲಿಸಿದ್ದಾರೆ. ಆಹಾರವನ್ನು ನೇರವಾಗಿ ಸುರಿದುಕೊಂಡರೆ ಟಾಮ್‌ಗೆ ತೃಪ್ತಿಯಾಗುತ್ತಿರಲಿಲ್ಲ. ಮೊದಲು ಬಾಯಲ್ಲಿ ಅಗಿದು, ರುಚಿ ನೋಡಿ, ಬಳಿಕ ಅದನ್ನು ಆಲಿಕೆಗೆ ಹಾಕುತ್ತಿದ್ದನು. ಹೊಟ್ಟೆ ತುಂಬುವುದೂ ಉಣ್ಣುವುದೂ ಒಂದೇ ಅಲ್ಲವೆಂದು ಯಾವ ಶಾಸ್ತ್ರವನ್ನೂ ಓದದೆ ಅವನು ತಿಳಿದಿದ್ದನು.

ಎರಡನೆಯದು ‘ಮಾನಿಕಾ’ ಎಂಬ ಕಲ್ಪಿತ ನಾಮದಿಂದ ಪ್ರಸಿದ್ಧಳಾದ ಹೆಣ್ಣುಮಗುವಿನದು. ಹುಟ್ಟಿನಿಂದಲೇ ಅವಳ ಅನ್ನನಾಳ ಪೂರ್ಣವಾಗಿರಲಿಲ್ಲ. ಆದುದರಿಂದ ಜಠರದ ನಳಿಕೆಯಿಂದಲೇ ಅವಳ ಪೋಷಣೆ ನಡೆಯಿತು. ಹಾಲೆರೆಯುವಾಗ ಅವಳನ್ನು ಎತ್ತಿಕೊಳ್ಳದೆ ಅಂಗಾತ ಮಲಗಿಸಿರುತ್ತಿದ್ದರು. ಹದಿನೈದು ತಿಂಗಳ ಕೂಸಾಗಿದ್ದಾಗ ಅತ್ಯಂತ ಕೃಶಳಾಗಿ, ಖಿನ್ನಳಾಗಿ ರಾಚೆಸ್ಟರಿನ ಆಸ್ಪತ್ರೆಯನ್ನು ಸೇರಿದಳು. ಅಲ್ಲಿ ಜಾರ್ಜ್ ಎಂಗಲ್ ಮತ್ತು ರೈಕ್‌ಸ್ಮನ್ ಅವಳ ಜಠರರಸವನ್ನು ಆ ದ್ವಾರದ ಮೂಲಕವೇ ಅಳೆದು, 1956ರಲ್ಲಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ಅಪರಿಚಿತನೊಬ್ಬನು ಬಳಿ ಬಂದರೆ ಮಗು ಮುಖ ತಿರುಗಿಸಿ, ಕೈಕಾಲು ಸಡಿಲಬಿಟ್ಟು, ಕಣ್ಣು ಮುಚ್ಚುತ್ತಿತ್ತು. ಆಗ ಜಠರಾಮ್ಲದ ಸ್ರಾವವೂ ಇಳಿಯುತ್ತಿತ್ತು. ಪರಿಚಿತನಾದ ವೈದ್ಯನು ಮರಳಿದೊಡನೆ ಮುಖ ಅರಳಿ ಸ್ರಾವ ಮತ್ತೆ ಏರುತ್ತಿತ್ತು. ಹತ್ತಿರ ನಿಂತಿರುವವರು ಯಾರೆಂಬುದು ಕೂಸಿನ ಜಠರಕ್ಕೂ ಗೊತ್ತಾಗುತ್ತಿತ್ತು ಎಂದಾಯಿತು.

ಮಾನಿಕಾಳ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಶಸ್ತ್ರಚಿಕಿತ್ಸೆಯಿಂದ ಬಾಯಲ್ಲಿ ಉಣ್ಣುವಂತಾಗಿ, ಬೆಳೆದು, ಮದುವೆಯಾಗಿ, ಮಕ್ಕಳನ್ನು ಪಡೆದಳು. ಎಂಗಲ್ ಮತ್ತು ಸಂಗಡಿಗರು ಮೂವತ್ತು ವರ್ಷಗಳ ಕಾಲ ಅವಳನ್ನು ಗಮನಿಸುತ್ತ ಬಂದರು. ಚಿಕ್ಕವಳಾಗಿದ್ದಾಗ ಬೊಂಬೆಗಳಿಗೂ, ತಾಯಿಯಾದಾಗ ತನ್ನ ಕೂಸುಗಳಿಗೂ ಅವಳು ಹಾಲೂಡಿದ್ದು ತನಗೆ ಊಡಿದ ರೀತಿಯಲ್ಲೇ: ಎದೆಗೆ ಒತ್ತಿಕೊಳ್ಳದೆ, ತೊಡೆಯ ಮೇಲೆ ಅಂಗಾತ ಮಲಗಿಸಿ. ಒಂದೇ ಜೀವನದಿಂದ ಸಾಮಾನ್ಯ ನಿಯಮವನ್ನು ಕಟ್ಟುವುದು ಇತಿಹಾಸಕಾರನಿಗೆ ಸಲ್ಲದು. ಆದರೂ ಈ ದಾಖಲೆಯನ್ನು ಓದಿ ಮುಂದಕ್ಕೆ ಹೋಗುವುದು ಸುಲಭವಲ್ಲ.

ಬಾಗಿಲು ತೆರೆದದ್ದು ಅದೇ ಕಾಲದಲ್ಲಿ. ಆಸ್ಪತ್ರೆಯಲ್ಲಿ ಒಂಟಿಯಾಗಿ ಎಂಟು ದಿನ ಕಳೆದ ಎರಡು ವರ್ಷದ ಮಗುವನ್ನು ಜೇಮ್ಸ್ ರಾಬರ್ಟ್‌ಸನ್ನನು ಚಿತ್ರೀಕರಿಸಿ 1952ರಲ್ಲಿ ವೈದ್ಯರ ಮುಂದಿಟ್ಟನು; ಹಲವರು ಕೋಪಗೊಂಡರು. 1959ರ ಪ್ಲಾಟ್ ಸಮಿತಿಯು ತಾಯಿತಂದೆಗಳ ಭೇಟಿಗೆ ನಿರ್ಬಂಧವಿರಕೂಡದೆಂದು ಬ್ರಿಟಿಷ್ ಸರಕಾರಕ್ಕೆ ವರದಿ ಮಾಡಿತು.

ನಳಿಕೆಯೂ ಬದಲಾಯಿತು. 1979ರ ಜೂನ್ 12ರಂದು ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಮೈಕೆಲ್ ಗಾಡರರ್ ಮತ್ತು ಜೆಫ್ರಿ ಪಾನ್‌ಸ್ಕಿ ನಾಲ್ಕೂವರೆ ತಿಂಗಳ ಕೂಸೊಂದಕ್ಕೆ ಹೊಟ್ಟೆಯನ್ನು ಕೊಯ್ದು ತೆರೆಯದೆ ಜಠರನಳಿಕೆಯನ್ನು ಅಳವಡಿಸಿದರು. ಬಾಯಿಯಿಂದ ಇಳಿಸಿದ ಅಂತರ್ದರ್ಶಕದ ದೀಪವು ಹೊಟ್ಟೆಯ ಚರ್ಮದ ಮೂಲಕ ಹೊಳೆದ ಸ್ಥಳವೇ ಅವರಿಗೆ ಗುರುತು. 1984ರಲ್ಲಿ ಗಾಡರರನೇ ಹೊರಗೆ ಜೋತುಬೀಳದ, ಗುಂಡಿಯಂತಹ ಸಾಧನವನ್ನೂ ವರ್ಣಿಸಿದನು. ಮಗು ಅಂಗಿ ತೊಟ್ಟು ಬೋರಲಾಗಿ ತೆವಳಬಹುದಾಯಿತು. ಬಟ್ಟಲು ಹಿಡಿಯುವ ಕೆಲಸ ದಾದಿಯ ಕೈಯಿಂದ ಮನೆಗೆ ಬಂದಿತು.

ಇದರಿಂದ ತಾಯಿತಂದೆಗಳ ಭಾರ ಇಳಿಯಿತೆನ್ನಲಾಗದು. ರಾತ್ರಿಯೂ ಎದ್ದು ನೋಡಬೇಕು, ನಳಿಕೆಯನ್ನು ನೀರಿನಿಂದ ತೊಳೆಯಬೇಕು, ಸುತ್ತಲಿನ ಚರ್ಮ ಕೆಂಪಾಗಿದೆಯೇ ಎಂದು ಪರೀಕ್ಷಿಸಬೇಕು. ನಳಿಕೆ ಹಾಕಿಸಲು ಒಪ್ಪಿ ಸಹಿ ಮಾಡುವಾಗ, ಮಗುವಿಗೆ ಉಣಿಸಲಾರದೆ ಸೋತೆನೆಂಬ ನೋವು ಎಷ್ಟೋ ತಾಯಂದಿರನ್ನು ಬಾಧಿಸುತ್ತದೆ. ಈಗಿನ ಶಿಶುವೈದ್ಯರು ಶಸ್ತ್ರಚಿಕಿತ್ಸೆಗೆ ಮೊದಲೇ ಅವರನ್ನು ಕೂರಿಸಿಕೊಂಡು ಮಾತಾಡುವುದು ಇದಕ್ಕಾಗಿ. ಹಾಲು ಇಳಿಯುವಾಗ ಮಗುವನ್ನು ಮಡಿಲಲ್ಲಿರಿಸಿಕೊಳ್ಳಿ, ಚೀಪಲು ಬರಿಯ ರಬ್ಬರ್ ತೊಟ್ಟನ್ನು ಕೊಡಿ, ವೈದ್ಯರು ಒಪ್ಪಿದರೆ ನಾಲಗೆಗೆ ಒಂದಿಷ್ಟು ರುಚಿ ಸವರಿ, ಮನೆಯವರೆಲ್ಲ ಉಣ್ಣುವ ಹೊತ್ತಿಗೇ ಉಣಿಸಿ ಎಂದು ಅವರು ಹೇಳಿಕೊಡುತ್ತಾರೆ. ಸ್ವಲ್ಪ ದೊಡ್ಡ ಮಗುವಾದರೆ, ಹೊಟ್ಟೆಗೆ ನಳಿಕೆಯಿರುವ ಬೊಂಬೆಯೊಂದನ್ನು ಮುಂಚಿತವಾಗಿಯೇ ಅದರ ಕೈಗೆ ಕೊಟ್ಟು, ತಾಯಿ ಪಕ್ಕದಲ್ಲಿ ಕುಳಿತಿರುವಾಗ, ಆ ಬೊಂಬೆಗೆ ಹಾಲೆರೆಯುವುದನ್ನು ಮಗುವಿನಿಂದಲೇ ಮಾಡಿಸುತ್ತಾರೆ.