ಕಡಲೇ ಇಲ್ಲದ ನಮ್ಮ ಕಡೆ ‘ಸಮುದ್ರ’ ಎಲ್ಲಿಂದ ಬಂತು? ಅಂಕಸಮುದ್ರ ಕೆರೆಯ ಕಥೆ

ಹಗರಿಬೊಮ್ಮನಹಳ್ಳಿ: ವಿಜಯನಗರ ಜಿಲ್ಲೆಯಿಂದ ಕಡಲು ನೂರಾರು ಕಿಲೋಮೀಟರ್ ದೂರ. ಆದ್ರೂ ನಮ್ಮ ತಾಲ್ಲೂಕಿನಲ್ಲಿ ಅಂಕಸಮುದ್ರ ಅನ್ನೋ ಊರಿದೆ. ಮಳೆ ಕಡಿಮೆ ಬೀಳೋ ಬಯಲುಸೀಮೆಗೆ ಈ ಹೆಸರು ಬಂದದ್ದು ಕೆರೆಯಿಂದ.

ಹಿಂದೆ ರಾಜರು, ಊರ ಪ್ರಮುಖರು ದೊಡ್ಡ ಕೆರೆ ಕಟ್ಟಿಸಿದರೆ ಅದಕ್ಕೆ ‘ಸಮುದ್ರ’, ‘ಸಾಗರ’ ಅಂತ ಹೆಸರಿಡುತ್ತಿದ್ದರು. ಆ ಹೆಸರೇ ಮುಂದೆ ಊರಿಗೂ ಬರುತ್ತಿತ್ತು. ಹೊಯ್ಸಳರ ರಾಜಧಾನಿ ದೋರಸಮುದ್ರ, ಅಂದ್ರೆ ಈಗಿನ ಹಳೇಬೀಡು, ಹೆಸರು ಪಡೆದದ್ದು ಹಾಗೆ. ಅನಂತಪುರದ ಪಕ್ಕದ ಬುಕ್ಕರಾಯಸಮುದ್ರದ್ದೂ ಅದೇ ಕಥೆ.

ನೀರನ್ನು ಹೆಸರಲ್ಲಿಟ್ಟುಕೊಂಡ ಊರು ಇನ್ನೂ ಇವೆ. ಭೀಮೇಶ್ವರ ಗುಡಿಯಿಂದ ಹೆಸರಾದ ಹರಪನಹಳ್ಳಿ ತಾಲ್ಲೂಕಿನ ನೀಲಗುಂದ ಅಂದ ಕೂಡಲೇ ನೀಲಿ ಬಣ್ಣ ನೆನಪಾಗುತ್ತೆ. ಆದ್ರೆ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದ ತಾಮ್ರಶಾಸನದಲ್ಲಿ ಈ ಊರು ‘ನೀರುಗುಂದ’. ಮರಿಯಮ್ಮನಹಳ್ಳಿ ಕಡೆಯ ನಾರಾಯಣದೇವರಕೆರೆ ಮಾತ್ರ ತುಂಗಭದ್ರಾ ಡ್ಯಾಂ ಹಿನ್ನೀರಿನಲ್ಲಿ ಮುಳುಗಿತು. ಕೆರೆ ಹೆಸರಿನ ಊರನ್ನು ಡ್ಯಾಂ ನೀರೇ ನುಂಗಿತು.

ಅಂಕಸಮುದ್ರ ಕೆರೆ ಸುಮಾರು 244 ಎಕರೆ ಇದೆ. ಕಟ್ಟಿದ್ದು ಹೊಲಗದ್ದೆಗೆ ನೀರು ಕೊಡೋಕೆ. ಕೆರೆಯೊಳಗಿನ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆ, ನೀರುಕಾಗೆ ಗೂಡು ಕಟ್ಟುತ್ತವೆ. ಸುತ್ತ ನೀರಿದ್ದರೆ ನಾಯಿ, ನರಿ ಮರದ ಬುಡಕ್ಕೆ ಬರೋದು ಕಷ್ಟ, ಮರಿಗಳಿಗೆ ಅದೇ ಕಾವಲು. ತುಂಗಭದ್ರಾ ಹಿನ್ನೀರು ಹತ್ತಿರವೇ ಇರೋದರಿಂದ ಮೀನಿಗೂ ಬರವಿಲ್ಲ.

2017ರಲ್ಲಿ ರಾಜ್ಯ ಸರ್ಕಾರ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಿತು. 2024ರ ಜನವರಿ 31ರಂದು ಕೇಂದ್ರ ಸರ್ಕಾರ ಇದು ರಾಮ್ಸಾರ್ ಪಟ್ಟಿಗೆ ಸೇರಿದ್ದನ್ನು ಪ್ರಕಟಿಸಿತು. ರಾಮ್ಸಾರ್ ಅನ್ನೋದು ಇರಾನ್ ದೇಶದ ಒಂದು ಊರು. 1971ರಲ್ಲಿ ಅಲ್ಲಿ ಆದ ಒಪ್ಪಂದದ ಪ್ರಕಾರ ಪ್ರಪಂಚದ ಮುಖ್ಯ ಕೆರೆ, ಜೌಗುನೆಲಗಳ ಪಟ್ಟಿ ಮಾಡುತ್ತಾರೆ. ಗದಗ ಜಿಲ್ಲೆಯ ಮಾಗಡಿ ಕೆರೆ, ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಹೆಸರೂ ಅದೇ ದಿನ ಬಂತು.

ಪಟ್ಟಿಗೆ ಹೆಸರು ಸೇರಿತು ಅಂತ ಕೆರೆಗೆ ನೀರು ತಾನಾಗಿ ಬರಲ್ಲ. ಕಾಲುವೆಯಲ್ಲಿ ಹೂಳು ತುಂಬಿದರೆ, ಏರಿ ಒಡೆದರೆ ರೈತನ ಬೆಳೆಗೂ ಕುತ್ತು, ಹಕ್ಕಿ ಗೂಡಿಗೂ ಕುತ್ತು. ನೋಡೋಕೆ ಹೋಗೋರು ಏರಿ ಮೇಲೆ ಪಟಾಕಿ ಹೊಡೆಯೋದು, ಡಿಜೆ ಹಾಕೋದು ಬೇಡ. ಗಲಾಟೆಗೆ ಕೊಕ್ಕರೆ ಎದ್ದು ಹೋದರೆ ಗೂಡಲ್ಲಿರೋ ಮೊಟ್ಟೆ, ಮರಿ ಬಿಸಿಲಿಗೆ ಒಣಗುತ್ತವೆ. ತಿಂಡಿ ಕವರ್, ನೀರಿನ ಬಾಟಲಿ ಅಲ್ಲೇ ಬಿಸಾಡದೆ ವಾಪಸ್ ತನ್ನಿ.